ಬಟಾಂಗಾಸ್‌ನ ಬಲಿಸೋಂಗ್: ಎರಡು ಹಿಡಿಯ ಚಾಕುವಿನ ಚರಿತ್ರೆ

ಹೊರಜಗತ್ತು ಚಿಟ್ಟೆ ಚಾಕು ಎಂದು ಕರೆಯುವ ಬಲಿಸೋಂಗ್, ಎರಡು ಹಿಡಿಗಳ ಮಡಿಚುವ ಚಾಕು. ಫಿಲಿಪೈನ್ಸ್‌ನ ಲುಜಾನ್ ದ್ವೀಪದಲ್ಲಿ, ಮನಿಲಾದ ದಕ್ಷಿಣಕ್ಕಿರುವ ಬಟಾಂಗಾಸ್ ಪ್ರಾಂತ್ಯ ಇದರ ತವರು. ಆ ಪ್ರಾಂತ್ಯದ ತಾಲ್ ಪಟ್ಟಣಕ್ಕೆ ಸೇರಿದ ಒಂದು ಹಳ್ಳಿಯ ಹೆಸರೂ ಬಲಿಸೋಂಗ್ ಎಂದೇ ಇದೆ. ಕುಲುಮೆಗಳಿಗೆ ಹೆಸರಾದ ಊರು ಅದು. ತಾಲ್ ಮೊದಲು ಅದೇ ಹೆಸರಿನ ಸರೋವರದ ದಂಡೆಯಲ್ಲಿತ್ತು. 1754ರಲ್ಲಿ ಸರೋವರದ ನಡುವಿನ ಜ್ವಾಲಾಮುಖಿ ತಿಂಗಳುಗಟ್ಟಲೆ ಉಗುಳಿ ಹಳೆಯ ಊರನ್ನು ಹಾಳುಮಾಡಿದ ಮೇಲೆ ಜನ ಈಗಿನ ಜಾಗಕ್ಕೆ ಬಂದು ನೆಲೆಸಿದರು. ಈ ಪಟ್ಟಣ ನವಿರಾದ ಕಸೂತಿಗೂ ಹೆಸರುವಾಸಿ. ಸೂಜಿಯ ಕೆಲಸ, ಸುತ್ತಿಗೆಯ ಕೆಲಸ ಎರಡೂ ಒಂದೇ ಊರಿನಲ್ಲಿ ಬೆಳೆದವು.

ಈ ಚಾಕು ಎಷ್ಟು ಹಳೆಯದು? 8ನೇ ಶತಮಾನದಿಂದಲೇ ಇತ್ತು ಎಂದು ಮಾರಾಟಗಾರರೂ ಕೆಲವು ಸಮರಕಲೆಯ ಗುರುಗಳೂ ಹೇಳುವುದುಂಟು. ಅದನ್ನು ನಂಬಲು ಆಧಾರವಾಗುವ ಒಂದು ಅಲಗಾಗಲಿ ಬರಹವಾಗಲಿ ದೊರೆತಿಲ್ಲ. ಕಸುಬು 1905ರ ಸುಮಾರಿಗೆ, ಪೆರ್ಫೆಕ್ತೊ ದೆ ಲಿಯೋನ್ ಎಂಬ ಕುಶಲಿಯಿಂದ ಶುರುವಾಯಿತು ಎಂಬುದು ತಾಲ್‌ನಲ್ಲಿ ಪ್ರಚಲಿತವಿರುವ ನಂಬಿಕೆ. ಇದಕ್ಕೂ ಬಹಳ ಮೊದಲೇ ಯುರೋಪಿನಲ್ಲಿ ಇಂತಹ ರಚನೆ ಗೊತ್ತಿತ್ತು. ಪ್ಯಾರಿಸ್ಸಿನ ಚಾಕು ತಯಾರಕ ಜಾನ್-ಜ್ಯಾಕ್ ಪೆರ್ರೆ 1771ರಲ್ಲಿ ತನ್ನ ಕಸುಬಿನ ಬಗ್ಗೆ ಹೊರತಂದ ದೊಡ್ಡ ಗ್ರಂಥದಲ್ಲಿ, ಹಿಡಿಗಳೆರಡೂ ವಿರುದ್ಧ ದಿಕ್ಕಿಗೆ ತಿರುಗುವ ಚಾಕುವಿನ ಚಿತ್ರವಿದೆ. ಅದರ ಹೋಲಿಕೆ ಮಡಿಚುವ ಅಳತೆಪಟ್ಟಿಯೊಂದಿಗೆ. 19ನೇ ಶತಮಾನದ ಕೊನೆಗೆ ಜರ್ಮನಿಯ ಸೋಲಿಂಗೆನ್‌ನಲ್ಲಿಯೂ ಈ ಬಗೆಯ ಚಾಕುಗಳು ತಯಾರಾದವು. ಆ ಯುರೋಪಿನ ಚಾಕುವನ್ನು ಕಂಡ ಬಟಾಂಗಾಸ್‌ನ ಕಮ್ಮಾರನೊಬ್ಬ ಅದನ್ನು ತನ್ನ ಕೈಗೆ ಒಗ್ಗಿಸಿಕೊಂಡಿರಬಹುದು, ಅಥವಾ ಅದೇ ಉಪಾಯ ಅವನಿಗೂ ಸ್ವತಂತ್ರವಾಗಿ ಹೊಳೆದಿರಬಹುದು. ಒಂದಂತೂ ನಿಜ: ಯುರೋಪಿನಲ್ಲಿ ಕುತೂಹಲದ ವಸ್ತುವಾಗಿಯೇ ಉಳಿದದ್ದು ತಾಲ್‌ನಲ್ಲಿ ಇಡೀ ಊರಿನ ಅನ್ನವಾಯಿತು. ಬಲಿಸೋಂಗ್ ಫಿಲಿಪೈನ್ಸ್‌ನದು ಎನ್ನಲು ಇಷ್ಟೇ ಸಾಕು. ಅದಕ್ಕೆ ಇಲ್ಲದ ಪ್ರಾಚೀನತೆಯನ್ನು ಹೊರಿಸಬೇಕಾಗಿಲ್ಲ.

ಚಾಕುವಿನ ರಚನೆ ಸರಳ. ಅಲಗಿನ ಬುಡದಲ್ಲಿ ಅಕ್ಕಪಕ್ಕ ಎರಡು ತೂತು, ಒಂದೊಂದರಲ್ಲಿ ಒಂದೊಂದು ಕೀಲು, ಒಂದೊಂದು ಕೀಲಿಗೆ ಒಂದೊಂದು ಹಿಡಿ. ಹಿಡಿಗಳ ಒಳಗೆ ಉದ್ದಕ್ಕೂ ತೋಡು ಕೊರೆದಿರುತ್ತದೆ. ಮಡಿಚಿದಾಗ ಎರಡೂ ಹಿಡಿಗಳು ಮುಂದಕ್ಕೆ ತಿರುಗಿ ಅಲಗನ್ನು ಆ ತೋಡಿನಲ್ಲಿ ಮುಚ್ಚಿಬಿಡುತ್ತವೆ. ತೆರೆದಾಗ ಹಿಂದಕ್ಕೆ ಬಂದು ಒಂದಕ್ಕೊಂದು ಒತ್ತಿಕೊಂಡು ಒಂದೇ ಹಿಡಿಯಾಗುತ್ತವೆ. ಸ್ಪ್ರಿಂಗ್ ಇಲ್ಲ, ಒಳಬೀಗವಿಲ್ಲ. ಹಿಡಿದ ಮುಷ್ಟಿಯೇ ಅದರ ಬೀಗ, ಅದು ಬಿಗಿಯಾದಷ್ಟೂ ಅಲಗು ಭದ್ರ. ಹಿಡಿಯ ತುದಿಯಲ್ಲಿ ಒಂದು ಸಣ್ಣ ಚಿಲಕ ಇರುತ್ತದೆ. ಮಡಿಚುವಾಗ ಒಂದು ಹಿಡಿ ಅಲಗಿನ ಬೆನ್ನನ್ನು, ಇನ್ನೊಂದು ಅದರ ಬಾಯಿಯನ್ನು ಮುಚ್ಚುತ್ತದೆ. ಬೆನ್ನಿನ ಕಡೆಯದು ಕೈಗೆ ಅಪಾಯವಿಲ್ಲದ ಹಿಡಿ. ಬಾಯಿಯ ಕಡೆಯದನ್ನು ಹಿಡಿದು ತಿರುಗಿಸಲು ಹೋದವರ ಬೆರಳು ಕೊಯ್ಯುತ್ತದೆ.

ತಾಲ್‌ನ ಕುಲುಮೆಗಳಲ್ಲಿ ಹೊಸ ಉಕ್ಕು ಕೊಂಡು ತರುವ ರೂಢಿ ಇರಲಿಲ್ಲ. ಲಾರಿ, ಜೀಪುಗಳ ಹಳೆಯ ಸ್ಪ್ರಿಂಗ್ ಪಟ್ಟಿ, ಸವೆದ ಬೇರಿಂಗ್ ಇವೇ ಅಲಗಿನ ಕಚ್ಚಾಮಾಲು. ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುವಂತೆ ಮಾಡಿದ ಸ್ಪ್ರಿಂಗ್ ಉಕ್ಕು, ಹದ ಸರಿಯಾಗಿ ಬಿದ್ದರೆ ಒಳ್ಳೆಯ ಅಲಗಾಗುತ್ತದೆ. ಬೇರಿಂಗಿನ ಉಕ್ಕು ಇನ್ನೂ ಗಡುಸು. ಬಾಯಿ ಬೇಗ ಮೊಂಡಾಗದು, ಆದರೆ ಹದ ತಪ್ಪಿದರೆ ಸಿಡಿಯುತ್ತದೆ. ಇವೆರಡೂ ತುಕ್ಕು ಹಿಡಿಯುವ ಉಕ್ಕುಗಳೇ. ಹಾಗಾಗಿ ಹಳೆಯ ಚಾಕುವಿನ ಅಲಗಿನ ಮೇಲೆ ಬೂದು ಛಾಯೆ, ಅಲ್ಲಲ್ಲಿ ಕಪ್ಪು ಚುಕ್ಕೆ ಇರುವುದು ಸಹಜ. ಕನ್ನಡಿಯಂತೆ ಹೊಳೆಯುವ ‘ಹಳೆಯ’ ಅಲಗನ್ನು ಸಂಗ್ರಹಕಾರ ಅನುಮಾನದಿಂದಲೇ ನೋಡಬೇಕು. ಅದಕ್ಕೆ ಈಚೆಗೆ ಸಾಣೆ ಹಿಡಿದಿರಬಹುದು, ಇಲ್ಲವೇ ಅದು ಈಚಿನ ಸ್ಟೇನ್‌ಲೆಸ್ ಉಕ್ಕಾಗಿರಬಹುದು.

ಕುಶಲಿಯ ಕೈ ಹೆಚ್ಚು ಕಾಣುವುದು ಹಿಡಿಯಲ್ಲಿ. ಹಿತ್ತಾಳೆಯ ಚೌಕಟ್ಟಿನ ನಡುವೆ ಕೋಣದ ಕೊಂಬು, ಜಿಂಕೆಯ ಕೊಂಬು, ಮೂಳೆ ಅಥವಾ ಕಮಗೋಂಗ್ ಎಂಬ ಕಪ್ಪು ಮರದ ತುಂಡುಗಳನ್ನು ಕೂರಿಸಿ ಸಣ್ಣ ಮೊಳೆ ಹೊಡೆದು, ಮೊಳೆಯ ತಲೆಯನ್ನು ಬಡಿದು ಹರಡಿ, ಅರದಿಂದ ಉಜ್ಜಿ ಒಂದೇ ಮಟ್ಟಕ್ಕೆ ತರುತ್ತಾರೆ. ಕೊಂಬು ಒಣಗಿದಂತೆ ಕುಗ್ಗುತ್ತದೆ, ಹಿತ್ತಾಳೆ ಕುಗ್ಗುವುದಿಲ್ಲ. ಹೀಗಾಗಿ ದಶಕಗಳು ಕಳೆದ ಚಾಕುವಿನಲ್ಲಿ ಕೊಂಬಿಗೂ ಹಿತ್ತಾಳೆಗೂ ನಡುವೆ ಬೆರಳಿಗೆ ತಿಳಿಯುವಷ್ಟು ಏರಿಳಿತ ಇರುತ್ತದೆ. ಇದು ದೋಷವಲ್ಲ, ವಯಸ್ಸಿನ ಗುರುತು. ಕೀಲಿನ ಜಾಗದಲ್ಲಿ ತಿರುಪು ಇದ್ದರೆ ಅದು ಹಳೆಯ ತಾಲ್ ಕೆಲಸವಲ್ಲ. ಕಾರ್ಖಾನೆಯ ಅಗ್ಗದ ಚಾಕುವಿನ ಹಿಡಿಯನ್ನು ಅಚ್ಚಿನಲ್ಲಿ ಎರಕ ಹೊಯ್ದು ತೆಗೆದಿರುತ್ತಾರೆ. ಅದರ ಅಂಚಿನಲ್ಲಿ ಅಚ್ಚಿನ ಸಂದುಗೆರೆ ಉಳಿದಿರುತ್ತದೆ, ತೂತುಗಳೆಲ್ಲ ಒಂದೇ ಅಳತೆಯಲ್ಲಿರುತ್ತವೆ. ಕೈಕೆಲಸದಲ್ಲಿ ಎರಡು ಹಿಡಿಗಳು ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತವೆ. ಆದರೂ ಮುಚ್ಚಿದಾಗ ಅಲಗು ತೋಡಿನ ನಟ್ಟನಡುವೆ ಕೂರಬೇಕು, ಒಳಗೋಡೆಗೆ ತಾಗಬಾರದು. ಕುಶಲಿಯ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕೀಲು ಸ್ವಲ್ಪ ಅಲುಗಿದರೆ ಕ್ಷಮಿಸಬಹುದು, ಅಲಗು ವಾಲಿದರೆ ಕ್ಷಮಿಸಲಾಗದು.

ತೆರೆದಾಗ 29 ಸೆಂ.ಮೀ. ಉದ್ದ ಬರುವ ದೊಡ್ಡ ಚಾಕುವಿಗೆ ಸ್ಪ್ಯಾನಿಷ್ ಎಣಿಕೆಯಲ್ಲಿ ‘ವೆಯಿಂತಿನುವೆವೆ’, ಅಂದರೆ ಇಪ್ಪತ್ತೊಂಬತ್ತು, ಎಂಬ ಹೆಸರಿದೆ. ಬಟಾಂಗಾಸ್‌ನ ಗಂಡಸು ಎಂದರೆ ಸೊಂಟದಲ್ಲಿ ಬಲಿಸೋಂಗ್ ಇರುವವನು ಎಂಬ ಚಿತ್ರ ನಾಡಿನಲ್ಲೆಲ್ಲ ಹಬ್ಬಿತ್ತು. ವಾಸ್ತವದಲ್ಲಿ ಅದು ಹೊಲ, ಅಡುಗೆಮನೆ, ಪೇಟೆಗಳಲ್ಲಿ ದಿನವೂ ಬಳಸುವ ಸಾಧನವೂ ಆಗಿತ್ತು. ಒಂದು ಕೈಯಲ್ಲಿ ಹಗ್ಗವನ್ನೋ ಹಣ್ಣನ್ನೋ ಹಿಡಿದವನು ಇನ್ನೊಂದು ಕೈಯಿಂದಲೇ ತೆರೆಯಬಹುದಾದ ಚಾಕುವಿಗೆ ಬೇಡಿಕೆ ಬಂದದ್ದು ಅಚ್ಚರಿಯಲ್ಲ. ಅಧ್ಯಕ್ಷ ಮಾರ್ಕೋಸ್ ಆಡಳಿತ ಸೈನಿಕ ಕಾನೂನು ಹೇರಿದ ಬೆನ್ನಿಗೇ, 1972ರ ಅಕ್ಟೋಬರ್‌ನಲ್ಲಿ ಹೊರಬಿದ್ದ 9ನೇ ಅಧ್ಯಕ್ಷೀಯ ಆಜ್ಞೆ, ಮನೆಯ ಹೊರಗೆ ಒಯ್ಯಬಾರದ ಆಯುಧಗಳ ಪಟ್ಟಿಯಲ್ಲಿ ಬಲಿಸೋಂಗನ್ನು ಹೆಸರಿಸಿಯೇ ಸೇರಿಸಿತು. ದುಡಿಮೆಗೆ ಬೇಕಾದವರಿಗೆ ವಿನಾಯಿತಿ ಇತ್ತು. ಸೊಂಟದಲ್ಲಿ ಇರಬೇಕಾದದ್ದು ಹೀಗೆ ಕ್ರಮೇಣ ಪ್ರವಾಸಿಗಳು ಕೊಂಡೊಯ್ಯುವ ನೆನಪಿನ ವಸ್ತುವಾಯಿತು.

ಎರಡನೆಯ ಮಹಾಯುದ್ಧದಲ್ಲಿ ಮತ್ತು ಆಮೇಲಿನ ದಶಕಗಳಲ್ಲಿ ಫಿಲಿಪೈನ್ಸ್‌ನಲ್ಲಿದ್ದ ಅಮೆರಿಕದ ಸೈನಿಕರು ಈ ಚಾಕುಗಳನ್ನು ಊರಿಗೆ ಒಯ್ದರು. ಅಲ್ಲಿ ಅದನ್ನು ಕಾರ್ಖಾನೆಯ ವಸ್ತುವನ್ನಾಗಿ ಮಾಡಿದವರು ಲೆಸ್ ದೆ ಆಸಿಸ್. 1970ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಅವರು ಬಲಿಸೋಂಗ್ ತಯಾರಿಸಲೆಂದೇ ಕಂಪನಿ ತೆರೆದರು. ಏಳುಬೀಳುಗಳ ನಂತರ ಅದೇ ಬೆಂಚ್‌ಮೇಡ್ ಆಯಿತು. ಇಂದಿಗೂ ಆ ಕಂಪನಿಯ ಲಾಂಛನ ಚಿಟ್ಟೆ. 1984ರಲ್ಲಿ ಸಮರಕಲಾವಿದ ಜೆಫ್ ಇಮಾಡ ಬಲಿಸೋಂಗ್ ಬಳಕೆಯ ಬಗ್ಗೆ ಕೈಪಿಡಿ ಹೊರತಂದರು. ಕಾರ್ಖಾನೆಯ ಕೆಲಸ ತಾಲ್‌ಗಿಂತ ನಿಖರ. ಇಡೀ ಲೋಹದ ಪಟ್ಟಿಯಲ್ಲೇ ತೋಡು ಕೊರೆದ ಹಿಡಿ ವಾಲುವುದಿಲ್ಲ, ಕುಗ್ಗುವುದಿಲ್ಲ. ಟೈಟಾನಿಯಂ ಹಿಡಿಯ ‘42’ ಎಂಬ ಮಾದರಿಯ ತಯಾರಿಕೆ ನಿಂತ ಮೇಲೆ ಸಂಗ್ರಹಕಾರರಲ್ಲಿ ಅದರ ಬೆಲೆ ಏರಿತು. ಆದರೂ ಒಂದೇ ಒಂದು ಚಾಕು ಇಡಲು ಮಾತ್ರ ಜಾಗವಿರುವ ಸಂಗ್ರಹಕ್ಕೆ ತಾಲ್‌ನ ಕೊಂಬು-ಹಿತ್ತಾಳೆಯದೇ ಸರಿಯಾದ ಆಯ್ಕೆ. ಅಮೆರಿಕದ ಕಾರ್ಖಾನೆಯವು ಅದರಿಂದಲೇ ಹುಟ್ಟಿದವು.

ಚಾಕುವಿನ ವಯಸ್ಸು ಕೆಲವು ದೇಶಗಳಲ್ಲಿ ಕಾನೂನಿನ ಪ್ರಶ್ನೆಯೂ ಹೌದು. ಬ್ರಿಟನ್ 1988ರಲ್ಲಿ ಚಿಟ್ಟೆ ಚಾಕುವಿನ ಮಾರಾಟ ಮತ್ತು ಆಮದನ್ನು ನಿಷೇಧಿಸಿತು. 2019ರ ಕಾಯ್ದೆಯಿಂದ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಯಿತು. 100 ವರ್ಷ ದಾಟಿದ ಪುರಾತನ ವಸ್ತುವಿಗೆ ಅಲ್ಲಿ ವಿನಾಯಿತಿ ಇದೆ. 1905ರ ಸುಮಾರಿನ ಮಾತು ನಿಜವಾದರೆ, ತಾಲ್‌ನ ಮೊದಲ ತಲೆಮಾರಿನ ಚಾಕುಗಳಷ್ಟೇ ಈಗ ಆ ಗೆರೆ ದಾಟಿವೆ. ಜರ್ಮನಿಯಲ್ಲಿ 2003ರಿಂದ ನಿಷೇಧವಿದೆ. ಭಾರತದ ಶಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ, ಮನೆ-ಬೇಸಾಯದ ಬಳಕೆಯದಲ್ಲದ ಅಲಗುಗಳನ್ನು ಆಯುಧವೆಂದು ಎಣಿಸುತ್ತವೆ. ವೆಯಿಂತಿನುವೆವೆಯ ಅಲಗು ಕೂಡ ಈ ಅಳತೆಗಿಂತ ಚಿಕ್ಕದು. ಆದರೆ ಅಳತೆಯೊಂದೇ ಸಾಲದು. ಆಮದಿನ ನಿಯಮ, ಸ್ಥಳೀಯ ಪೊಲೀಸ್ ಆದೇಶಗಳನ್ನೂ ನೋಡಬೇಕು. ಇಲ್ಲಿ ಹಿಡಿಯ ವಸ್ತುವೂ ಮುಖ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆಗಳ ಕೊಂಬಿನ ವ್ಯಾಪಾರ ನಿಷಿದ್ಧವಾದ್ದರಿಂದ, ಭಾರತದ ಸಂಗ್ರಹಕಾರ ಕೋಣದ ಕೊಂಬಿನ ಅಥವಾ ಮರದ ಹಿಡಿಯದನ್ನೇ ಆರಿಸಿಕೊಳ್ಳುವುದು ಲೇಸು.