ಬೀದರ್‌ನ ಸಹಯೋಗಿನಿಯಿಂದ ಕಚೇರಿಯ ಕೋಚ್‌ವರೆಗೆ

ನಾಚಾರಂ, ಹಬ್ಸಿಗೂಡ, ಉಪ್ಪಲ್ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಮಾತು ಆಗಾಗ ಕೇಳಿಬರುತ್ತದೆ: "ಇವತ್ತು ಆಫೀಸಿನಲ್ಲಿ ಕೋಚ್ ಜೊತೆ ಮೀಟಿಂಗ್ ಇದೆ." ಇದು ಕ್ರಿಕೆಟ್ ಕೋಚ್ ಅಲ್ಲ, ನಾಯಕತ್ವದ ಕೋಚ್. ಎರಡು ಕಂಪನಿಗಳು ಒಂದಾದಾಗ, ಕೆಲಸದ ಪದ್ಧತಿ ಬದಲಾದಾಗ, ಹೊಸಬರ ಕೈಗೆ ಅಧಿಕಾರ ಹೋದಾಗ ಸಂಸ್ಥೆಯೊಳಗೆ ಭಯ, ಮುನಿಸು, ಗೊಂದಲ ಹುಟ್ಟುವುದು ಸಹಜ. ಆಗ ಮುಂದಾಳುಗಳ ಪಕ್ಕದಲ್ಲಿ ಕುಳಿತು, ಅವರ ದಾರಿಯನ್ನು ಅವರೇ ಕಂಡುಕೊಳ್ಳುವಂತೆ ಪ್ರಶ್ನೆ ಕೇಳುವುದು ಈ ಕೋಚ್‌ನ ಕೆಲಸ.

ಪದ ಬಂದ ದಾರಿ ಸ್ವಾರಸ್ಯವಾಗಿದೆ. ಹಂಗೇರಿಯಲ್ಲಿ ಕೋಚ್ ಎಂಬ ಹಳ್ಳಿ ಒಳ್ಳೆಯ ಕುದುರೆ ಗಾಡಿಗಳಿಗೆ ಹೆಸರಾಗಿತ್ತು. ಗಾಡಿಗೆ ಊರಿನ ಹೆಸರೇ ನಿಂತಿತು. 19ನೇ ಶತಮಾನದಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆ ದಾಟಿಸುವ ಮೇಷ್ಟ್ರನ್ನು ತಮಾಷೆಗೆ ಕೋಚ್ ಎಂದು ಕರೆದರು. ಆಟದ ಮೈದಾನಕ್ಕೂ ಕಚೇರಿಗೂ ಪದ ಬಂದದ್ದು ಆಮೇಲೆ.

ಹೈದರಾಬಾದ್‌ಗೆ ಈ ವಿದ್ಯೆ ಹೊಸದಲ್ಲ. 1956ರಲ್ಲಿ ಇಲ್ಲಿ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಹಿಂದೆ ಬೇರಾರ್ ರಾಜಕುಮಾರರ ನಿವಾಸವಾಗಿದ್ದ ಬೆಲ್ಲಾ ವಿಸ್ಟಾ ಅರಮನೆ ಅದರ ನೆಲೆ. ಸರ್ಕಾರದ ಮತ್ತು ಖಾಸಗಿ ಉದ್ಯಮಗಳ ಹಿರಿಯ ಅಧಿಕಾರಿಗಳು ಅಲ್ಲಿ ಒಟ್ಟಿಗೆ ಕುಳಿತು ಕಲಿತರು. ಆರಂಭದ ವರ್ಷಗಳಲ್ಲಿ ಅದರ ಪ್ರಾಂಶುಪಾಲರಾಗಿದ್ದವರು ಭೂಸೇನೆಯ ನಿವೃತ್ತ ಮುಖ್ಯಸ್ಥ ಜನರಲ್ ಶ್ರೀನಾಗೇಶ್. ಮುಂದೆ ಅವರು ಆಂಧ್ರಪ್ರದೇಶಕ್ಕೂ ಮೈಸೂರು ರಾಜ್ಯಕ್ಕೂ ರಾಜ್ಯಪಾಲರಾದರು. ಯೂಸುಫ್‌ಗೂಡದ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ 1964ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಅವರ ತಂಡ ಕಾಕಿನಾಡದ ವ್ಯಾಪಾರಿಗಳಿಗೆ ಸಾಧನೆಯ ಹಂಬಲ ಬೆಳೆಸುವ ಶಿಬಿರಗಳನ್ನು ನಡೆಸಿತು. ಆ ಪ್ರಯೋಗವನ್ನು ಜಗತ್ತಿನ ಹಲವೆಡೆ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಆದರೆ ಆ ಕೊಠಡಿಗಳಲ್ಲಿ ಕುಳಿತವರು ಬಹುಪಾಲು ಗಂಡಸರೇ. ಹೆಂಗಸರಲ್ಲಿ, ಅದರಲ್ಲೂ ಕೂಲಿ ಮಾಡುವ ಹೆಂಗಸರಲ್ಲಿ ನಾಯಕತ್ವ ಬೆಳೆಸುವ ಪ್ರಯತ್ನದ ದೊಡ್ಡ ಅಧ್ಯಾಯವೊಂದು ನಮಗೆ ಹತ್ತಿರದ ಬೀದರ್‌ನಲ್ಲಿ ತೆರೆಯಿತು.

ಏನೂ ಕೊಡದ ಯೋಜನೆ

1986ರ ರಾಷ್ಟ್ರೀಯ ಶಿಕ್ಷಣ ನೀತಿ, ಮಹಿಳೆಯರ ಸ್ಥಾನಮಾನ ಬದಲಾಗಲು ಶಿಕ್ಷಣವೇ ಸಾಧನವಾಗಬೇಕು ಎಂದಿತು. ಅದರ ಫಲವಾಗಿ ಮಹಿಳಾ ಸಮಖ್ಯಾ ಯೋಜನೆ ಬಂತು. ಮೊದಲಿಗೆ ಆಯ್ದ ರಾಜ್ಯಗಳು ಮೂರು: ಉತ್ತರ ಪ್ರದೇಶ, ಗುಜರಾತ್ ಮತ್ತು ಕರ್ನಾಟಕ. ಕರ್ನಾಟಕದಲ್ಲಿ 1989ರಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಕೆಲಸ ಶುರುವಾಯಿತು. ರಾಜ್ಯದ ಮೊದಲ ನಿರ್ದೇಶಕಿ ಶ್ರೀಲತಾ ಬಾಟ್ಲಿವಾಲಾ. ಅದಕ್ಕೂ ಮೊದಲು ಅವರು ಮುಂಬೈಯಲ್ಲಿ ಬಡವರ ಆರೋಗ್ಯ ಮತ್ತು ವಸತಿಯ ವಿಚಾರದಲ್ಲಿ ಕೆಲಸ ಮಾಡಿದ್ದರು. ಪಾದಚಾರಿ ಮಾರ್ಗದಲ್ಲಿ ಬದುಕುವ ಮಹಿಳೆಯರ ಜೊತೆ ದುಡಿದ ಸ್ಪಾರ್ಕ್ ಸಂಸ್ಥೆಯ ಸ್ಥಾಪಕರಲ್ಲಿ ಅವರೂ ಒಬ್ಬರು.

ಈ ಯೋಜನೆಯ ಜೀವಾಳ ಸಹಯೋಗಿನಿ. ಒಬ್ಬ ಸಹಯೋಗಿನಿಗೆ ಸುಮಾರು ಹತ್ತು ಹಳ್ಳಿ. ಹಲವರು ಅದೇ ಸೀಮೆಯವರು, ಹೆಚ್ಚು ಓದಿದವರೂ ಅಲ್ಲ. ಕೂಲಿ ಮುಗಿಸಿ, ಅಡುಗೆ ಮಾಡಿ ಹೆಂಗಸರು ಬಿಡುವಾಗುವ ಹೊತ್ತಿಗೆ ಸಭೆ. ರಾತ್ರಿ ಅದೇ ಊರಿನಲ್ಲಿ ತಂಗಬೇಕಾಗುತ್ತಿತ್ತು. ಹಳ್ಳಿಯವರ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: "ನಮಗೇನು ಕೊಡ್ತೀರಿ?" ಸಾಲ, ಎಮ್ಮೆ, ಹೊಲಿಗೆ ಯಂತ್ರ ಏನನ್ನೂ ಅವಳು ತಂದಿರಲಿಲ್ಲ. ಇಷ್ಟು ಜನರಿಗೆ ಇಷ್ಟು ದಿನದಲ್ಲಿ ಅಕ್ಷರ ಕಲಿಸಬೇಕೆಂಬ ಗುರಿಯನ್ನೂ ಮೇಲಿನವರು ಹೇರಿರಲಿಲ್ಲ. ಯಾವ ವಿಷಯ ಮೊದಲು, ಎಷ್ಟು ವೇಗದಲ್ಲಿ ಎಂಬುದನ್ನು ಹೆಂಗಸರೇ ತೀರ್ಮಾನಿಸಬೇಕು. ಅದು ಯೋಜನೆಯ ಮೂಲ ನಿಯಮ.

ಹೀಗೆ ಕೂತು ಮಾತಾಡುತ್ತಲೇ ಸಂಘಗಳು ಹುಟ್ಟಿದವು. ಸದಸ್ಯೆಯರಲ್ಲಿ ಹೆಚ್ಚಿನವರು ದಲಿತ ಮತ್ತು ಭೂಹೀನ ಕುಟುಂಬದವರು. ಮೊದಲು ಬಂದದ್ದು ಕುಡಿಯುವ ನೀರು, ಪಡಿತರ, ಕೂಲಿ ದರದ ಮಾತು. ಅರ್ಜಿ ಬರೆಯಲು, ಸಹಿ ಹಾಕಲು, ಲೆಕ್ಕ ನೋಡಲು ಅಕ್ಷರ ಬೇಕು ಎನ್ನಿಸಿದಾಗ ಅವರೇ ಕಲಿಯಲು ಕೇಳಿದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದು, ಬಾಲ್ಯವಿವಾಹ, ಮನೆಯೊಳಗಿನ ಹೊಡೆತ, ದೇವದಾಸಿ ಪದ್ಧತಿ ಇಂಥ ಕಷ್ಟದ ಮಾತುಗಳಿಗೆ ಆಮೇಲೆ ಬಾಯಿ ಬಂತು.

ಕಾಲವೂ ಕೂಡಿಬಂತು. ಕರ್ನಾಟಕದ 1983ರ ಕಾಯ್ದೆ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ಮೂರನೇ ಒಂದು ಭಾಗ ಮಾಡಿತು. ಕುರ್ಚಿ ಕಾಯ್ದೆಯಿಂದ ಸಿಕ್ಕರೂ ಅದರಲ್ಲಿ ಕೂತು ಮಾತಾಡುವ ಧೈರ್ಯ ಕಾಯ್ದೆಯಿಂದ ಬರುವುದಿಲ್ಲ. ಎಷ್ಟೋ ಕಡೆ ಹೆಂಡತಿ ಗೆದ್ದರೆ ಗಂಡ ಆಳಿದ. ಸಂಘದಲ್ಲಿ ಮಾತಾಡಿ ಪಳಗಿದ ಹೆಂಗಸರು ಚುನಾವಣೆಗೆ ನಿಂತಾಗ ಅವರ ಬೆನ್ನಿಗೆ ಸಂಘವೇ ನಿಂತಿತ್ತು.

ಗಡಿಯ ಈಚೆ

1993ರಲ್ಲಿ ಇದೇ ಯೋಜನೆ ಮಹಿಳಾ ಸಮತಾ ಸೊಸೈಟಿ ಎಂಬ ಹೆಸರಿನಲ್ಲಿ ಆಂಧ್ರಪ್ರದೇಶಕ್ಕೆ ಬಂದಾಗ ಮೊದಲು ಆಯ್ದದ್ದು ಮೆದಕ್ ಮತ್ತು ಮಹಬೂಬ್‌ನಗರ ಜಿಲ್ಲೆಗಳನ್ನು. ಎರಡೂ ಆಗ ಕರ್ನಾಟಕದ ಗಡಿಗೆ ತಾಗಿದವು. ಮೆದಕ್ ಸೇರಿದ ಜಹೀರಾಬಾದ್, ನಾರಾಯಣಖೇಡ್ ಭಾಗಗಳು 1956ರ ರಾಜ್ಯ ವಿಂಗಡಣೆಯ ತನಕ ಬೀದರ್ ಜಿಲ್ಲೆಯಲ್ಲೇ ಇದ್ದವು. ಹಿಂದೆ ಒಂದೇ ಜಿಲ್ಲೆಯಲ್ಲಿದ್ದ ಊರುಗಳಲ್ಲಿ ಆಚೆ ಕನ್ನಡದಲ್ಲಿ, ಈಚೆ ತೆಲುಗಿನಲ್ಲಿ ಒಂದೇ ಬಗೆಯ ಸಂಘಗಳು ಬೆಳೆದವು.

ಬಾಟ್ಲಿವಾಲಾ ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು ಕರ್ನಾಟಕದ ಗ್ರಾಮೀಣ ಮಹಿಳೆಯರ ಸ್ಥಿತಿಗತಿಯ ಅಧ್ಯಯನ ನಡೆಸಿದರು. ನಂತರ ನ್ಯೂಯಾರ್ಕ್‌ನ ಫೋರ್ಡ್ ಫೌಂಡೇಷನ್ನಿನಲ್ಲಿದ್ದರು. ಆಮೇಲೆ ಹಲವು ದೇಶಗಳ ಮಹಿಳಾ ಸಂಘಟನೆಗಳಿಗೆ ನಾಯಕತ್ವದ ತರಬೇತಿ ನೀಡುತ್ತ, ಅದರ ಬಗ್ಗೆ ಬರೆಯುತ್ತ ಬಂದರು. ಅವರು ಒತ್ತಿ ಹೇಳುವ ಒಂದು ವಿಚಾರ ಎಲ್ಲ ಸಂಘಸಂಸ್ಥೆಗಳಿಗೂ ಸಲ್ಲುತ್ತದೆ. ಸಂಸ್ಥೆಗೆ ಕಾಗದದ ಮೇಲಿನ ರಚನೆ ಒಂದು: ಅಧ್ಯಕ್ಷರು, ಕಾರ್ಯದರ್ಶಿ, ನಿಯಮಾವಳಿ. ಅದರ ಕೆಳಗೆ ಕಣ್ಣಿಗೆ ಕಾಣದ ಇನ್ನೊಂದು ರಚನೆ ಇರುತ್ತದೆ: ಯಾರ ಮಾತು ನಡೆಯುತ್ತದೆ, ಯಾರು ಚಹಾ ತರುತ್ತಾರೆ, ಯಾರು ಸುಮ್ಮನಿರುತ್ತಾರೆ. ಮೇಲಿನದನ್ನಷ್ಟೇ ತಿದ್ದಿದರೆ ಕೆಳಗಿನದು ಹಾಗೇ ಉಳಿಯುತ್ತದೆ. ಅದನ್ನು ಬದಲಿಸಬೇಕೆಂದರೆ ಮುಂದಾಳು ಅಧಿಕಾರದೊಂದಿಗಿನ ತನ್ನದೇ ನಂಟನ್ನು ಮೊದಲು ನೋಡಿಕೊಳ್ಳಬೇಕು.

ಕೇಂದ್ರ ಸರ್ಕಾರ 2016ರಲ್ಲಿ ಮಹಿಳಾ ಸಮಖ್ಯಾಕ್ಕೆ ನೆರವು ನಿಲ್ಲಿಸಿತು. ಸ್ವಸಹಾಯ ಗುಂಪುಗಳ ಯೋಜನೆ ಇದೆಯಲ್ಲ, ಇದೇಕೆ ಬೇರೆ ಎಂಬ ವಾದವಿತ್ತು. ಉಳಿತಾಯ, ಸಾಲ ಖಂಡಿತ ಬೇಕು. ಆದರೆ ಲೆಕ್ಕದ ಪುಸ್ತಕವಿಲ್ಲದೆ ಬಂದು ಕೂತು, "ನಿಮಗೇನನ್ನಿಸುತ್ತದೆ?" ಎಂದು ಕೇಳುವವಳ ಕೆಲಸವನ್ನು ಸಾಲದ ಕಂತು ಮಾಡಲಾರದು. ಅದು ಸುಲಭವಾಗಿ ಅಂಕಿಗಳಲ್ಲಿ ಸಿಗುವ ಕೆಲಸವಲ್ಲವಾದ್ದರಿಂದ ಕೈಬಿಡುವುದೂ ಸುಲಭವಾಯಿತು. ಯೋಜನೆ ತಾನು ಹಿಂದೆ ಸರಿಯುವ ದಿನಕ್ಕೆಂದೇ ಸಂಘಗಳನ್ನು ಒಕ್ಕೂಟಗಳಾಗಿ ಕಟ್ಟತೊಡಗಿತ್ತು ಎಂಬುದು ಸಮಾಧಾನದ ಸಂಗತಿ.

ಇಂದು ನಮ್ಮ ಹೆಣ್ಣುಮಕ್ಕಳಿಗೆ ಗಾಜಿನ ಕಟ್ಟಡಗಳಲ್ಲಿ ಸಿಗುವ ಕೋಚ್‌ಗೂ ಬೀದರ್‌ನ ಸಹಯೋಗಿನಿಗೂ ಸಂಬಳದಲ್ಲಿ, ಭಾಷೆಯಲ್ಲಿ ಅಜಗಜಾಂತರ. ಕೆಲಸದ ತಿರುಳು ಮಾತ್ರ ಒಂದೇ: ಉತ್ತರ ಹೇಳದೆ ಪ್ರಶ್ನೆ ಕೇಳುವುದು, ಸಮಯ ಬಂದಾಗ ಹಿಂದೆ ಸರಿಯುವುದು.

ನಮ್ಮ ಮಹಿಳಾ ವೇದಿಕೆಯೂ ಒಂದು ಸಂಸ್ಥೆಯೇ. ರಾಜ್ಯೋತ್ಸವವಿರಲಿ, ಸಂಕ್ರಾಂತಿಯ ಎಳ್ಳುಬೆಲ್ಲವಿರಲಿ, ಅದೇ ನಾಲ್ಕು ಜನರ ಹೆಗಲಿಗೆ ಕೆಲಸ ಬೀಳುವುದು ಎಲ್ಲ ಸಂಘಗಳಲ್ಲೂ ಕಾಣುವ ಚಿತ್ರ. ಮುಂದಿನ ಸಭೆಯಲ್ಲಿ ಇದುವರೆಗೆ ಮೈಕ್ ಹಿಡಿಯದ ಒಬ್ಬ ಸದಸ್ಯೆಗೆ ಒಂದು ಕಾರ್ಯಕ್ರಮದ ಪೂರ್ತಿ ಹೊಣೆ ಕೊಟ್ಟು, ಅನುಭವಿಗಳು ಪಕ್ಕದಲ್ಲಿ ಕೂತರೆ ಹೇಗೆ? ಬೀದರ್‌ನ ಹಳ್ಳಿಗಳಲ್ಲಿ ಕೂಲಿ ಮಾಡುವ ಹೆಂಗಸರಿಂದ ಆದದ್ದು ನಮ್ಮಿಂದಲೂ ಆದೀತು.