ಅಜ್ಜನ ಹಡಗು ಯಾವುದು?

ಮಾರೇಡ್‌ಪಲ್ಲಿಯ ನಮ್ಮ ಮನೆಯ ಟ್ರಂಕಿನಲ್ಲಿ ಕುಂದಾಪುರದ ಅಜ್ಜನ ಬರ್ಮಾ ಸ್ಟಾರ್ ಪದಕವಿದೆ. ಎರಡನೇ ಮಹಾಯುದ್ಧದಲ್ಲಿ ಅವರು ರಾಯಲ್ ಇಂಡಿಯನ್ ನೇವಿಯಲ್ಲಿದ್ದರಂತೆ. ಈ ‘ಅಂತೆ’ಯನ್ನು ದಾಟಲು ಹುಡುಕಾಟ ಶುರುಮಾಡಿದೆ.

ಮೊದಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ನೋಡಿದೆ. ಅಜ್ಜನ ಹೆಸರಿಲ್ಲ. ನಿರಾಸೆಯಾಯಿತು. ಆಮೇಲೆ ನಗು ಬಂತು. ಅದು ಮಡಿದವರ ಪಟ್ಟಿ. ಅಜ್ಜ ಅದರಲ್ಲಿಲ್ಲದ್ದಕ್ಕೇ ಅಪ್ಪ ಹುಟ್ಟಿದ್ದು, ನಾನೂ.

ಅಧಿಕಾರಿಗಳ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇವೆ. ಅಜ್ಜ ಸಾಮಾನ್ಯ ನಾವಿಕ. ನಾವಿಕರ ದಾಖಲೆ ನೋಡಿಕೊಳ್ಳುವುದು ಮುಂಬೈ ಮಾನ್‌ಖುರ್ದ್‌ನಲ್ಲಿರುವ ನೌಕಾಪಡೆಯ ಬ್ಯೂರೋ ಆಫ್ ಸೇಲರ್ಸ್. ಅಲ್ಲಿಗೆ ಬರೆಯಲು ಹೆಸರೊಂದೇ ಸಾಲದು, ಸೇವಾ ಸಂಖ್ಯೆ ಬೇಕು. ನಮಗದು ಪದಕದ ಹಿಂಬದಿಯಲ್ಲೇ ಸಿಕ್ಕಿತು.

ತಿಳಿಯಬೇಕಾದ್ದು ಒಂದೇ. 1946ರ ಫೆಬ್ರವರಿ 18ರಂದು ಮುಂಬೈಯ ‘ತಲ್ವಾರ್’ ತರಬೇತಿ ನೆಲೆಯಲ್ಲಿ ನಾವಿಕರ ಮುಷ್ಕರ ಶುರುವಾಯಿತು. ಕೆಟ್ಟ ಊಟ, ಅವಮಾನ ಸಾಕಾಗಿತ್ತು. ಅದು ಹಡಗಿನಿಂದ ಹಡಗಿಗೆ, ಕರಾಚಿಯವರೆಗೂ ಹಬ್ಬಿತು. ಆಮೇಲೆ ನೂರಾರು ಮಂದಿ ವಜಾ ಆದರು. ಅಜ್ಜ ಊರಿಗೆ ಮರಳಿದ್ದೂ ಅದೇ ವರ್ಷ. ಯುದ್ಧ ಮುಗಿದ ಮೇಲಿನ ಬಿಡುಗಡೆಯೋ, ವಜಾವೋ? ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಅರ್ಜಿ ಹೋಗಿದೆ. ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆರೆದು ನೋಡಿ. ಹಿರಿಯರು ಇರುವಾಗಲೇ ಕೇಳಿ.