ಮಾತು, ಬರಹ ಮತ್ತು ಗೋಷ್ಠಿಯ ಕ್ಷೇಮ: ವಿಕಿಯ ಚರಿತ್ರೆಯ ಒಂದು ವಿಚಾರ

೧

ಬಹುಜನರು ಕೂಡಿ ವಿಚಾರಮಾಡುವ ಗೋಷ್ಠಿಗಳಿಗೆ ಎರಡು ಬಗೆಯ ಆಪತ್ತುಗಳುಂಟು. ಒಂದು ವಿರಸ, ಇನ್ನೊಂದು ವಿಸ್ಮೃತಿ. ವಿರಸವು ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ಅದನ್ನು ತಡೆಯಲು ಅಧ್ಯಕ್ಷರೂ ನಿಯಮಗಳೂ ಇರುತ್ತವೆ. ವಿಸ್ಮೃತಿಯಾದರೋ ಸದ್ದಿಲ್ಲದೆ ಕೆಲಸಮಾಡುತ್ತದೆ. ನಿನ್ನೆ ಇತ್ಯರ್ಥವಾದ ಪ್ರಶ್ನೆಯನ್ನು ಇಂದು ಬಂದವನು ಮತ್ತೆ ಕೇಳುತ್ತಾನೆ. ಬಲ್ಲವನು ಮೊದಲ ಬಾರಿ ಸಮಾಧಾನದಿಂದಲೂ ಎರಡನೆಯ ಬಾರಿ ಸಂಕ್ಷೇಪವಾಗಿಯೂ ಮೂರನೆಯ ಬಾರಿ ಸಿಡುಕಿನಿಂದಲೂ ಉತ್ತರ ಕೊಡುತ್ತಾನೆ. ನಾಲ್ಕನೆಯ ಬಾರಿಗೆ ಅವನು ಗೋಷ್ಠಿಯಲ್ಲಿಯೇ ಇರುವುದಿಲ್ಲ. ಹೀಗೆ ವಿಸ್ಮೃತಿಯೇ ಅನೇಕ ವೇಳೆ ವಿರಸಕ್ಕೆ ಮೂಲವಾಗುತ್ತದೆ. ಗಣಕಯಂತ್ರಗಳ ಜಾಲದಲ್ಲಿ ನಡೆದುಬಂದಿರುವ ಚರ್ಚಾಗೋಷ್ಠಿಗಳ ನಾಲ್ಕು ದಶಕಗಳಿಗೂ ಮೇಲ್ಪಟ್ಟ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. ಓದುವವರೆಲ್ಲರೂ ತಿದ್ದಬಹುದಾದ ಪುಟಸಂಚಯಕ್ಕೆ ವಿಕಿ ಎಂದು ಹೆಸರು. ಅದು ಈ ವಿಸ್ಮೃತಿಗೆ ಪರಿಹಾರವಾಗಿ ಹೇಗೆ ಒದಗಿತು, ಆ ಪರಿಹಾರದಿಂದಲೇ ಯಾವ ಹೊಸ ತೊಡಕುಗಳು ಹುಟ್ಟಿದುವು, ಅವುಗಳ ನಿವಾರಣೆಗೆ ಯಾವ ಉಪಾಯ ನಡೆಯಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಅಮೆರಿಕೆಯ ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬವರು ೧೯೭೯ರಲ್ಲಿ ಯೋಚಿಸಿ, ಮರುವರ್ಷ ಬಳಕೆಗೆ ತಂದ ಯೂಸ್‌ನೆಟ್ ಎಂಬ ವ್ಯವಸ್ಥೆಯು ಇಂಥ ಗೋಷ್ಠಿಗಳಲ್ಲಿ ಬಹು ವಿಸ್ತಾರವಾದುದು. ಒಬ್ಬನು ಬರೆದ ಓಲೆಯು ಒಂದು ಯಂತ್ರದಿಂದ ಇನ್ನೊಂದಕ್ಕೆ ಪ್ರತಿಯಾಗುತ್ತ ಎಲ್ಲ ಕೇಂದ್ರಗಳಿಗೂ ಹರಡುತ್ತಿತ್ತು. ಆದರೆ ಆಗಿನ ಯಂತ್ರಗಳಲ್ಲಿ ಸ್ಥಳ ಬಹಳ ಕಡಮೆ. ಆದುದರಿಂದ ಬಂದ ಓಲೆಗಳನ್ನು ಕೆಲವು ದಿನಗಳ ಅಥವಾ ವಾರಗಳ ತರುವಾಯ ಅಳಿಸಿಬಿಡುವುದು ವಾಡಿಕೆಯಾಗಿತ್ತು. ಎಷ್ಟೇ ಪಾಂಡಿತ್ಯದ ಉತ್ತರವಾಗಲಿ, ಅದು ಬಂದ ಹಾಗೆಯೇ ಮರೆಯಾಗುತ್ತಿತ್ತು. ಗೋಷ್ಠಿಗೆ ಬಾಯಿಯಿತ್ತು, ನೆನಪಿರಲಿಲ್ಲ.

ಈ ಕೊರತೆಗೆ ಕಂಡುಕೊಂಡ ಮೊದಲ ಉಪಾಯವು ಸರಳವಾದುದು. ೧೯೮೦ರ ದಶಕದ ಆದಿಭಾಗದಲ್ಲಿ ಅಂತರಿಕ್ಷ ವಿಷಯದ ಒಂದು ಪತ್ರಗೋಷ್ಠಿಯಲ್ಲಿ, ನಾಸಾ ಸಂಸ್ಥೆಯ ಯೂಜೀನ್ ಮಿಯಾ ಎಂಬವರು ಪದೇಪದೇ ಬರುವ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಒಟ್ಟುಗೂಡಿಸಿ ನಿಯತಕಾಲದಲ್ಲಿ ಮತ್ತೆ ಮತ್ತೆ ಹಂಚತೊಡಗಿದರು. ಕ್ರಮೇಣ ಯೂಸ್‌ನೆಟ್ಟಿನ ಹಲವು ವಿಭಾಗಗಳು ಇಂಥ ಪ್ರಶ್ನೋತ್ತರಮಾಲೆಗಳನ್ನು ಕಟ್ಟಿಕೊಂಡುವು; ಅವೆಲ್ಲವನ್ನೂ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಒಂದು ಯಂತ್ರದಲ್ಲಿ ಭಾಂಡಾರವಾಗಿ ಇಡಲಾಯಿತು. ಹೊಸಬನಿಗೆ ದಾರಿಯೂ ಹಳಬನಿಗೆ ವಿಶ್ರಾಂತಿಯೂ ಇದರಿಂದ ದೊರೆತುವು.

ಆದರೂ ಮಾಲೆಯೊಂದಕ್ಕೆ ಸಾಮಾನ್ಯವಾಗಿ ಒಬ್ಬನೇ ಸಂಪಾದಕ. ಅವನಿಗೆ ಉದ್ಯೋಗಾಂತರವಾದರೆ, ಉತ್ಸಾಹ ಕುಂದಿದರೆ, ಮಾಲೆಯು ಅಲ್ಲಿಗೇ ನಿಲ್ಲುತ್ತಿತ್ತು. ಅದರಲ್ಲಿ ತಪ್ಪು ಕಂಡವನು ಅವನಿಗೆ ಕಾಗದ ಬರೆದು ಕಾಯಬೇಕಾಗಿತ್ತೇ ಹೊರತು ತಾನೇ ತಿದ್ದುವಂತಿರಲಿಲ್ಲ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಕಾಲೇಜುಗಳಿಗೆ ಹೊಸದಾಗಿ ಸೇರಿದವರು ಯೂಸ್‌ನೆಟ್ಟಿಗೆ ಬಂದು, ಮರ್ಯಾದೆಗಳನ್ನು ಕಲಿಯುವವರೆಗೆ ಒಂದೆರಡು ತಿಂಗಳು ಗದ್ದಲವಾಗುವುದು ರೂಢಿ. ೧೯೯೩–೯೪ರಲ್ಲಿ ಅಮೆರಿಕಾ ಆನ್‌ಲೈನ್ ಮೊದಲಾದ ವಾಣಿಜ್ಯ ಸಂಸ್ಥೆಗಳು ತಮ್ಮ ಗಿರಾಕಿಗಳೆಲ್ಲರಿಗೂ ಬಾಗಿಲು ತೆರೆದಾಗ ಆ ಗದ್ದಲಕ್ಕೆ ಕೊನೆಯೇ ಇಲ್ಲವಾಯಿತು. ಹಳಬರು ಆ ಕಾಲವನ್ನು 'ಮುಗಿಯದ ಸೆಪ್ಟೆಂಬರ್' ಎಂದು ಕರೆದರು. ಬರುವವರ ಸಂಖ್ಯೆಯು ಕಲಿಸುವವರ ಶಕ್ತಿಯನ್ನು ಮೀರಿದಾಗ, ಒಬ್ಬನ ಶ್ರಮದಿಂದ ನಡೆಯುವ ಮಾಲೆಯು ಗೋಷ್ಠಿಯನ್ನು ಕಾಪಾಡಲಾರದೆಂಬುದು ಇದರಿಂದ ವ್ಯಕ್ತವಾಯಿತು.

೩

ಇದೇ ಸಮಯದಲ್ಲಿ ಆರೆಗನ್ ಸಂಸ್ಥಾನದ ಪೋರ್ಟ್‌ಲ್ಯಾಂಡ್ ನಗರದ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು ಬೇರೊಂದು ಮಾರ್ಗವನ್ನು ಹಿಡಿದರು. ವಾಸ್ತುಶಿಲ್ಪಿ ಕ್ರಿಸ್ಟಫರ್ ಅಲೆಕ್ಸಾಂಡರ್ ಅವರು ಕಟ್ಟಡಗಳ ವಿಷಯದಲ್ಲಿ ಪ್ರತಿಪಾದಿಸಿದ 'ಮಾದರಿ'ಗಳ ತತ್ತ್ವವನ್ನು ಗಣಕಯಂತ್ರದ ಕ್ರಮವಿಧಿಗಳ ರಚನೆಗೆ ಅನ್ವಯಿಸಬೇಕೆಂಬ ವಿದ್ವಾಂಸರ ಕೂಟವೊಂದು ಆಗ ಬೆಳೆಯುತ್ತಿತ್ತು. ಆ ಕೂಟದವರ ಅನುಭವಗಳನ್ನು ಒಂದೆಡೆ ಕೂಡಿಸುವುದಕ್ಕಾಗಿ ಕನಿಂಗ್‌ಹ್ಯಾಮರು ೧೯೯೫ನೆಯ ಮಾರ್ಚ್ ೨೫ರಂದು ಒಂದು ಪುಟಸಂಚಯವನ್ನು ತೆರೆದರು. ಹೊನೊಲುಲು ವಿಮಾನನಿಲ್ದಾಣದಲ್ಲಿ ಓಡಾಡುತ್ತಿದ್ದ 'ವಿಕಿ ವಿಕಿ' ಎಂಬ ಬಸ್ಸಿನ ಹೆಸರು ಅವರ ನೆನಪಿನಲ್ಲಿತ್ತು. ಹವಾಯಿ ಭಾಷೆಯಲ್ಲಿ ಆ ಶಬ್ದಕ್ಕೆ 'ಬೇಗ' ಎಂದು ಅರ್ಥ. ಅದನ್ನೇ ತಮ್ಮ ರಚನೆಗೂ ಇಟ್ಟರು.

ಅದರ ಲಕ್ಷಣಗಳಲ್ಲಿ ಮೂರು ವಿಶೇಷವಾಗಿ ಗಮನಾರ್ಹವಾದುವು. ಮೊದಲನೆಯದು, ಪ್ರತಿಯೊಂದು ಪುಟದ ಅಡಿಯಲ್ಲಿಯೂ ತಿದ್ದುವುದಕ್ಕೆ ಅವಕಾಶವಿದ್ದು, ಓದುಗನಿಗೂ ಬರೆಯುವವನಿಗೂ ನಡುವೆ ಇದ್ದ ಗೋಡೆ ಬಿದ್ದಿತು. ಎರಡನೆಯದು, ಇನ್ನೂ ಬರೆಯದಿರುವ ಪುಟವನ್ನು ಹೆಸರಿಸಿದರೆ ಆ ಹೆಸರಿನ ಮುಂದೆ ಪ್ರಶ್ನಚಿಹ್ನೆಯೊಂದು ಮೂಡುತ್ತಿತ್ತು. ಅದು ಬಲ್ಲವರಿಗೆ ಆಹ್ವಾನ. ಮೂರನೆಯದು, ಈಚೆಗೆ ಯಾವ ಯಾವ ಪುಟಗಳು ಬದಲಾದುವೆಂಬ ಪಟ್ಟಿಯು ಎಲ್ಲರಿಗೂ ಕಾಣುತ್ತಿತ್ತು. ದುರುದ್ದೇಶದಿಂದ ಒಬ್ಬನು ಕೆಡಿಸಿದ್ದನ್ನು ಇನ್ನೊಬ್ಬನು ಆ ಪಟ್ಟಿಯಿಂದ ತಿಳಿದು ಸರಿಪಡಿಸುತ್ತಿದ್ದನು. ಬೀಗವಿಲ್ಲದ ಮನೆಗೆ ನೆರೆಹೊರೆಯವರ ಕಣ್ಣೇ ಕಾವಲಾಯಿತು.

ಆ ಪುಟಗಳಲ್ಲಿ ಬರವಣಿಗೆಯು ಎರಡು ರೀತಿಯಾಗಿ ನಡೆಯುತ್ತಿದ್ದಿತು. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತಮಪುರುಷದಲ್ಲಿ ಉತ್ತರ ಬರೆದು, ಕೆಳಗೆ ತಮ್ಮ ಹೆಸರು ಹಾಕುವುದು ಒಂದು ರೀತಿ, ಇದು ಸಂವಾದ. ಹೆಸರಿಲ್ಲದೆ, ಪ್ರಥಮಪುರುಷದಲ್ಲಿ, ಎಲ್ಲರಿಗೂ ಸೇರಿದ ಮಾತಾಗಿ ಬರೆಯುವುದು ಎರಡನೆಯ ರೀತಿ, ಇದು ಪ್ರಬಂಧ. ಸಂವಾದವು ಬಲಿತು ಅಭಿಪ್ರಾಯಗಳು ಕೂಡಿಬಂದಾಗ, ಯಾರಾದರೊಬ್ಬರು ಶ್ರಮವಹಿಸಿ, ಹತ್ತು ಜನರ ವಾದಗಳ ಸಾರವನ್ನು ತೆಗೆದು ಪ್ರಬಂಧರೂಪಕ್ಕೆ ತರುತ್ತಿದ್ದರು. ಹೀಗೆ ಮಾಡಿದ ಮೇಲೆ ಹೊಸಬನು ಹಳೆಯ ವಾದವನ್ನೆಲ್ಲ ಮೊದಲಿನಿಂದ ಎತ್ತಬೇಕಾಗಿರಲಿಲ್ಲ, ಮುಗಿದಲ್ಲಿಂದ ಮುಂದುವರಿಸಬಹುದಾಗಿತ್ತು. ಒಬ್ಬ ಸಂಪಾದಕನ ಮೇಲಿದ್ದ ಭಾರವು ಸಮುದಾಯದ ಮೇಲೆ ಹಂಚಿಹೋಯಿತು. ವಿಕಿಯಿಂದ ಗೋಷ್ಠಿಗಳಿಗೆ ಆದ ಮುಖ್ಯ ಉಪಕಾರವು ಇದೇ.

೪

ಉಪಕಾರದ ಬೆನ್ನಿಗೆ ಅಪಾಯವೂ ಬಂದಿತು. ತಾಳೆಯೋಲೆಯ ಪ್ರತಿಗಳನ್ನು ಶೋಧಿಸಿದವರಿಗೆ ಒಂದು ಸಂಗತಿ ಚೆನ್ನಾಗಿ ಪರಿಚಿತ: ಓದುಗನೊಬ್ಬನು ಅಂಚಿನಲ್ಲಿ ಬರೆದ ಟಿಪ್ಪಣಿಯನ್ನು ಮುಂದಿನ ಲಿಪಿಕಾರನು ಮೂಲದೊಳಗೇ ಸೇರಿಸಿಬಿಡುವನು, ಕಡೆಗೆ ಕವಿಯ ಮಾತು ಯಾವುದು, ಓದುಗನ ಮಾತು ಯಾವುದು ಎಂದು ತಿಳಿಯದಾಗುವುದು. ಮೊದಲ ವಿಕಿಯಲ್ಲಿ ಮೂಲಕ್ಕೂ ಟಿಪ್ಪಣಿಗೂ ಒಂದೇ ಓಲೆ. ಪ್ರಬಂಧದ ನಡುವೆಯೇ ಆಕ್ಷೇಪ, ಆಕ್ಷೇಪದ ನಡುವೆ ಪ್ರತ್ಯುತ್ತರ ಸೇರಿ ಪುಟಗಳು ಉದ್ದವಾದುವು. ಸಾರಸಂಗ್ರಹ ಮಾಡಹೊರಟವರ ಮೇಲೆ, 'ಇವರು ನಮ್ಮ ಮಾತನ್ನು ಅಳಿಸಿದರು' ಎಂಬ ದೂರು ಹುಟ್ಟುವುದು ಸಹಜವಾಗಿತ್ತು. ಹಳೆಯ ಪಾಠಗಳೆಲ್ಲವನ್ನೂ ಶಾಶ್ವತವಾಗಿ ಉಳಿಸುವ ಏರ್ಪಾಡು ಆ ಮೊದಲ ರಚನೆಯಲ್ಲಿ ಇರಲಿಲ್ಲವಾದ್ದರಿಂದ ಅಳಿಸಿದ್ದು ಅನೇಕ ವೇಳೆ ಅಳಿದೇ ಹೋಗುತ್ತಿತ್ತು.

೧೯೯೦ರ ದಶಕದ ಕೊನೆಯ ಭಾಗದಲ್ಲಿ ಈ ತೊಡಕು ಉಲ್ಬಣಿಸಿತು. ಕೆಂಟ್ ಬೆಕ್ ಮೊದಲಾದವರು ಪ್ರಚಾರಕ್ಕೆ ತಂದ 'ಎಕ್ಸ್‌ಟ್ರೀಂ ಪ್ರೋಗ್ರಾಮಿಂಗ್' ಎಂಬ ಕಾರ್ಯಪದ್ಧತಿಯ ಚರ್ಚೆಯು ವಿಕಿಯನ್ನೆಲ್ಲ ವ್ಯಾಪಿಸಿತು. ಮಾದರಿಗಳ ವಿಚಾರಕ್ಕಾಗಿ ಬಂದಿದ್ದ ಹಿಂದಿನವರಿಗೆ ತಮ್ಮ ಮನೆಯಲ್ಲಿಯೇ ತಾವು ಪರಕೀಯರಾದೆವೆನ್ನಿಸಿತು. ಅನಾವಶ್ಯಕವೆಂದು ತೋರಿದ ಪುಟಗಳನ್ನು ತೆಗೆದುಹಾಕಬೇಕೆಂಬ ಪಕ್ಷವೊಂದು, ಇರುವುದನ್ನು ಹಾಗೆಯೇ ಉಳಿಸಬೇಕೆಂಬ ಪಕ್ಷವೊಂದು ಏರ್ಪಟ್ಟುವು. ಕೆಲವು ವಿಷಯಗಳು ಸೋದರ ವಿಕಿಗಳಿಗೆ ವಲಸೆಹೋದುವು. ೨೦೦೦ದಲ್ಲಿ ಸುನೀರ್ ಶಾ ಎಂಬವರು ಸ್ಥಾಪಿಸಿದ ಮೀಟ್‌ಬಾಲ್ ವಿಕಿಯಂತೂ ಇಂಥ ಸಮುದಾಯಗಳ ಸ್ವಭಾವವನ್ನೇ ತನ್ನ ವಿಚಾರದ ವಸ್ತುವನ್ನಾಗಿ ಮಾಡಿಕೊಂಡಿತು. ಬಾಗಿಲಿಗೆ ಬೀಗ ಹಾಕುವುದಕ್ಕಿಂತ, ಕೇಡನ್ನು ಸುಲಭವಾಗಿ ಸರಿಪಡಿಸುವಂತಿರುವುದೂ ಸದಸ್ಯರ ಪರಸ್ಪರ ಎಚ್ಚರವೂ ಮೇಲಾದ ರಕ್ಷಣೆಯೆಂಬ 'ಮೃದುರಕ್ಷೆ'ಯ ವಾದವು ಅಲ್ಲಿ ಬೆಳೆಯಿತು.

೫

೨೦೦೧ನೆಯ ಜನವರಿ ೧೫ರಂದು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬವರು ಆರಂಭಿಸಿದ ವಿಕಿಪೀಡಿಯ ವಿಶ್ವಕೋಶವು ಈ ಅನುಭವದ ಫಲವನ್ನು ಪಡೆಯಿತು. ಅಲ್ಲಿ ಲೇಖನದಿಂದ ವಾದವನ್ನು ಬೇರ್ಪಡಿಸಿ ಅದಕ್ಕೆ ಪ್ರತ್ಯೇಕ ಪುಟವನ್ನು ಕೊಡುವ ಪದ್ಧತಿಯು ಮೊದಲ ವರ್ಷದಲ್ಲಿಯೇ ರೂಢಿಗೆ ಬಂದಿತು. ೨೦೦೨ನೆಯ ಜನವರಿಯಲ್ಲಿ ಮ್ಯಾಗ್ನಸ್ ಮ್ಯಾನ್ಸ್ಕೆ ಎಂಬ ಜರ್ಮನ್ ವಿದ್ಯಾರ್ಥಿಯು ರಚಿಸಿದ ಹೊಸ ತಂತ್ರಾಂಶವು ಬಳಕೆಗೆ ಬಂದಾಗ, ಪ್ರತಿಯೊಂದು ಲೇಖನಕ್ಕೂ ಒಂದು ಚರ್ಚೆಪುಟವಿರುವುದು ಯಂತ್ರದ ವ್ಯವಸ್ಥೆಯೇ ಆಯಿತು. ಹಿಂದಿನ ಪಾಠಗಳೂ, ಯಾವುದನ್ನು ಯಾರು ಯಾವಾಗ ಬದಲಿಸಿದರೆಂಬ ದಾಖಲೆಯೂ ಉಳಿಯತೊಡಗಿದುವು. ಮೂಲ ಒಂದು ಓಲೆಯಲ್ಲಿ, ಟೀಕೆ ಇನ್ನೊಂದರಲ್ಲಿ, ಪಾಠಾಂತರಗಳು ಮೂರನೆಯದರಲ್ಲಿ. ಮೂರೂ ಒಂದೇ ಕಟ್ಟಿನಲ್ಲಿ. ಅಳಿಸಿದ ಮಾತು ಅಳಿಯದೆ ಉಳಿಯುವುದೆಂಬ ಭರವಸೆಯಿದ್ದಲ್ಲಿ ಮನುಷ್ಯನು ತನ್ನ ಮಾತನ್ನು ಬಿಟ್ಟುಕೊಡಲು ಅಷ್ಟು ಹೆದರುವುದಿಲ್ಲ.

ಈ ವ್ಯವಸ್ಥೆಯ ಸಾಮರ್ಥ್ಯಕ್ಕೆ ಒಂದು ದೃಷ್ಟಾಂತ ಸಾಕು. ಬಾಲ್ಟಿಕ್ ಸಮುದ್ರತೀರದ ಒಂದು ಪಟ್ಟಣವನ್ನು ಪೋಲೆಂಡಿನವರು ಗ್ಡಾನ್ಸ್ಕ್ ಎನ್ನುವರು. ಜರ್ಮನರು ಡಾನ್ಜಿಗ್ ಎನ್ನುವರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಯಾವ ಹೆಸರನ್ನು ಬಳಸಬೇಕೆಂಬ ಜಗಳವು ವರ್ಷಗಟ್ಟಲೆ ನಡೆದು, ಒಬ್ಬರು ಬರೆದುದನ್ನು ಇನ್ನೊಬ್ಬರು ಅಳಿಸುವುದೇ ಕೆಲಸವಾಗಿತ್ತು. ೨೦೦೫ರಲ್ಲಿ ಚರ್ಚೆಪುಟದಲ್ಲಿ ಮತಗಣನೆ ನಡೆದು, ೧೩೦೮ರಿಂದ ೧೯೪೫ರವರೆಗಿನ ಕಾಲದ ಪ್ರಸಂಗಗಳಲ್ಲಿ ಡಾನ್ಜಿಗ್ ಎಂದೂ, ಅದಕ್ಕೆ ಹಿಂದಿನ ಮತ್ತು ಮುಂದಿನ ಪ್ರಸಂಗಗಳಲ್ಲಿ ಗ್ಡಾನ್ಸ್ಕ್ ಎಂದೂ ಬರೆಯತಕ್ಕದ್ದೆಂದು ತೀರ್ಮಾನವಾಯಿತು. ಆ ತೀರ್ಮಾನವನ್ನು ಚರ್ಚೆಪುಟದಲ್ಲಿ ಎಲ್ಲರಿಗೂ ಕಾಣುವಂತೆ ನಮೂದಿಸಲಾಯಿತು. ಎರಡು ಜನಾಂಗಗಳ ಮನಸ್ಸಿನ ಗಾಯವು ಇದರಿಂದ ಮಾಯಿತೆಂದು ಹೇಳಲಾಗದು. ಆದರೆ ಮುಂದೆ ಬಂದವನು ಅದೇ ವ್ಯಾಜ್ಯವನ್ನು ಎತ್ತಿದರೆ, ಬಯ್ಯುವುದಕ್ಕೆ ಬದಲಾಗಿ ತೋರಿಸುವುದಕ್ಕೆ ಒಂದು ಲಿಖಿತವಿತ್ತು. ಒಬ್ಬನು ಒಂದು ಪುಟದಲ್ಲಿ ಇಪ್ಪತ್ತುನಾಲ್ಕು ಗಂಟೆಗಳೊಳಗೆ ಇತರರ ತಿದ್ದುಪಡಿಗಳನ್ನು ಮೂರು ಬಾರಿಗಿಂತ ಹೆಚ್ಚಾಗಿ ರದ್ದುಮಾಡಕೂಡದೆಂಬ ನಿಯಮವೂ ೨೦೦೪ರಲ್ಲಿ ಹೀಗೆಯೇ ಸದಸ್ಯರ ವಿಚಾರದಿಂದ ಹುಟ್ಟಿ, ಎಲ್ಲರೂ ಓದಬಹುದಾದ ಪುಟದಲ್ಲಿ ನೆಲೆನಿಂತಿತು.

೬

ಇಷ್ಟರಿಂದ ವಿಕಿಯು ಸರ್ವರೋಗಕ್ಕೂ ಮದ್ದೆಂದು ಭಾವಿಸತಕ್ಕದ್ದಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಚುರುಕಾಗಿ ಬರೆಯುವವರ ಸಂಖ್ಯೆಯು ೨೦೦೭ರಲ್ಲಿ ಶಿಖರವನ್ನು ಮುಟ್ಟಿ ಅಲ್ಲಿಂದ ಮುಂದೆ ಹಲವು ವರ್ಷ ಇಳಿಯಿತು. ಹಳಬರು ಕೂಡಿಸಿದ ನಿಯಮಗಳ ರಾಶಿಯೂ, ಹೊಸಬರ ಬರಹವನ್ನು ಕೂಡಲೆ ತೆಗೆದುಹಾಕುವ ಯಾಂತ್ರಿಕ ಸಾಧನಗಳೂ ಇದಕ್ಕೆ ಕಾರಣಗಳೆಂದು ೨೦೧೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಸ್ಮೃತಿಯು ಹೆಚ್ಚಾದರೆ ಅದೇ ಬೇಲಿಯಾಗುತ್ತದೆ. ಇತ್ತ ಮೊದಲ ವಿಕಿಯು ೨೦೧೫ರ ಸುಮಾರಿಗೆ ತಿದ್ದುವ ಅವಕಾಶವನ್ನು ಮುಚ್ಚಿ, ಕೇವಲ ಓದುವ ಭಾಂಡಾರವಾಯಿತು. ಒಂದೆಡೆ ನೆನಪಿನ ಭಾರ, ಇನ್ನೊಂದೆಡೆ ಕಾಯುವವರ ಅಭಾವ. ಎರಡೂ ಗೋಷ್ಠಿಗೆ ಹಾನಿಕರ.

೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದವರು ಸಾರ್ವಜನಿಕ ಚರ್ಚೆಯ ಪುಟಕ್ಕೆ 'ಅರಳಿ ಕಟ್ಟೆ' ಎಂದು ಹೆಸರಿಟ್ಟಿರುವುದು ಈ ಸಂದರ್ಭದಲ್ಲಿ ಸ್ಮರಣಾರ್ಹ. ಇಂಗ್ಲಿಷಿನಲ್ಲಿ ಅದೇ ಪುಟಕ್ಕೆ ಊರ ನೀರಿನ ಪಂಪಿನ ಹೆಸರಿದೆ. ಅಲ್ಲಿ ಜನ ಸೇರುವುದು ನೀರಿಗಾಗಿ, ಮಾತು ಆನುಷಂಗಿಕ. ಕಟ್ಟೆಯಲ್ಲಾದರೋ ಕುಳಿತುಕೊಳ್ಳುವುದೇ ಮಾತಿಗಾಗಿ, ನ್ಯಾಯಕ್ಕಾಗಿ. ಆದರೆ ಹಳ್ಳಿಯ ಕಟ್ಟೆಯ ತೀರ್ಪು ಹಿರಿಯರ ನಾಲಗೆಯ ಮೇಲೆ ಉಳಿಯುತ್ತಿದ್ದು, ಅವರೊಡನೆ ಹೋಗಿಬಿಡುತ್ತಿತ್ತು. ವಿಕಿಯ ಕಟ್ಟೆಯಲ್ಲಿ ಆಡಿದ ಮಾತು ಮರದ ನೆರಳಿನಲ್ಲಿಯೇ ಉಳಿದಿರುತ್ತದೆ. ನಾಳೆ ಬರುವವನು ಅದನ್ನು ಓದಬಹುದು, ಒಪ್ಪದಿದ್ದರೆ ತನ್ನ ಮಾತನ್ನೂ ಕೂಡಿಸಬಹುದು.

ಮೇಲಣ ಚರಿತ್ರೆಯಿಂದ ಸಿದ್ಧವಾಗುವುದಿಷ್ಟು. ಗೋಷ್ಠಿಯ ಕ್ಷೇಮಕ್ಕೆ ಮಾತೂ ಬೇಕು, ಬರಹವೂ ಬೇಕು. ಎರಡೂ ಬೇರೆಬೇರೆಯಾಗಿಯೂ ಅಕ್ಕಪಕ್ಕದಲ್ಲಿಯೂ ಇರಬೇಕು. ಬಿಟ್ಟ ಪಾಠವು ಕಾಣುವಂತಿದ್ದರೆ ಸೋತ ಪಕ್ಷಕ್ಕೂ ಮಾನವುಳಿಯುತ್ತದೆ. ಇವೆಲ್ಲವನ್ನೂ ಯಂತ್ರವು ಒದಗಿಸಬಲ್ಲುದು. ಹತ್ತು ಜನರ ಜಗಳವನ್ನು ತಾಳ್ಮೆಯಿಂದ ಓದಿ, ಹತ್ತು ಜನರೂ ಒಪ್ಪುವ ನಾಲ್ಕು ವಾಕ್ಯಗಳನ್ನು ಬರೆದು, ಅದಕ್ಕೆ ತನ್ನ ಹೆಸರನ್ನು ಹಾಕದೆ ಹೋಗುವವನನ್ನು ಮಾತ್ರ ಅದು ಒದಗಿಸಲಾರದು. ಅಂಥವರು ಇರುವವರೆಗೆ ಗೋಷ್ಠಿಯು ಬಾಳುತ್ತದೆ.